ಏನೂ ಇಲ್ಲ ಅಂದಿದ್ದೇ ತಪ್ಪಾಯ್ತು

ಫೆಬ್ರವರಿಲಿಂದ ನಮ್ಮ ಸಣ್ಣಾಕಿ ಸಾಲಿಗಿ ಮಾಸ್ಕ್ ಹಾಕ್ಕೊಂಡು ಹೋಗ್ಲಾಕ ಶುರು ಮಾಡಿದ್ಳು. ಕೊರೊನಾದಾಗ ತಂದಿಟ್ಟ ಡಬ್ಬಿ ಇನ್ನೂ ಕಪಾಟದಾಗ ಇತ್ತು, ಅದ್ರಾಗಿಂದು ದಿನಾ ಒಂದು ತಕ್ಕೊಂಡು ಹೋಗ್ತಿದ್ಳು. ಯಾಕವ್ವ ಅಂತ ಕೇಳಿದ್ರ ಧೂಳು ಮಮ್ಮಿ ಅಂತಿದ್ಳು. ಕಲಬುರಗಿ ರಿಂಗ್ ರೋಡ್ ಧೂಳು ಎಲ್ರಿಗೂ ಗೊತ್ತಿದ್ದದ್ದೇ, ಆಕಿ ಆಟೋ ಅದೇ ರೋಡಿಗಿ ಹೋಗ್ತದ, ಹಂಗಾಗಿ ಹುಡುಗಿ ಶಾಣ್ಯಾ ಆಗ್ಯಾಳ ಅಂತ ನಂಗ ಖುಷಿನೇ ಆಗಿತ್ತು. ಏಪ್ರಿಲ್‌ದಾಗ ಸಾಲಿ ಸೂಟಿ ಬಿಟ್ತು, ಮಾಸ್ಕ್ ಮಾತ್ರ ಬಿಡ್ಲಿಲ್ಲ. ಮೇ ತಿಂಗ್ಳು, ಹೊರಗ 42 ಡಿಗ್ರಿ, ಸಂಜಿ ಆರಾದ್ರೂ ಗ್ವಾಡಿ ಮುಟ್ಟಿದ್ರ ಬಿಸಿ, ಅಂಥಾ ಝಳದಾಗ ಅಪ್ಪನ ಕೆರಿ ಗಾರ್ಡನ್‌ಗಿ ಆಡ್ಲಾಕ ಕರ್ಕೊಂಡು ಹೋದ್ರೂ ಮಾರಿ ಮ್ಯಾಲ ಮಾಸ್ಕ್ ಇರ್ತಿತ್ತು. ಬೆವರಿಗಿ ಅದು ತೊಯ್ದು ಮೂಗಿಗಿ ಅಂಟಿಕೊಂಡಿದ್ರೂ ತೆಗೀತಿರಲಿಲ್ಲ. ಎಂಟೂವರಿ ವರ್ಷದ ಹುಡುಗಿ ಅದು. ಆಗ್ಲಾದ್ರೂ ನಂಗ ತಿಳೀಬೇಕಾಗಿತ್ತು, ತಿಳೀಲಿಲ್ಲ.

ತಿಳಿದಿದ್ದು ಊಟದ ಹೊತ್ನ್ಯಾಗ. ಏಪ್ರಿಲ್-ಮೇದಾಗ ನಮ್ಮ ಕಡಿ ಸರ್ಕಾರಿ ಆಫೀಸ್ ಮುಂಜಾನಿ 8ಕ್ಕ ಚಾಲೂ ಆಗಿ ಮಧ್ಯಾಹ್ನ ಒಂದೂವರಿಗಿ ಮುಗೀತದ, ನಾ ಅವತ್ತ ಮನಿಗಿ ಬಂದು ಎಲ್ರಿಗೂ ರೊಟ್ಟಿ ನೀಡ್ದೆ. ಶೇಂಗಾ ಹಿಂಡಿ ಹಚ್ಕೊಂಡು ಒಂದು ತುತ್ತು ಬಾಯಿಗಿ ಇಟ್ಟಾಕಿನೇ ಚೀರಿದ್ಳು. ಏನಾಯ್ತಂತ ಗದ್ದ ಹಿಡ್ದು ಎತ್ತಿ ನೋಡಿದ್ರ ಮೂಗಿನ ಕೆಳಗ, ತುಟಿ ಮ್ಯಾಲ, ಚರ್ಮನೇ ಇಲ್ಲ. ಕೆಂಪಗ ಹಸಿ ಗಾಯ, ಒಂದು ಕಡಿ ಜರ ರಕ್ತ ಒಣಗಿ ಕರ್ರಗಾಗಿತ್ತು, ಖಾರ ಹತ್ತಿ ಕಣ್ಣಾಗ ನೀರು ದಳದಳ. ಬಚ್ಚಲದಾಗ ನಾವು ಹಿಮ್ಮಡ ತಿಕ್ಕೋ ಕಲ್ಲು ಇರ್ತದಲ್ಲ, ಅದ್ರಿಂದ ತಿಕ್ಕಿಕೊಂಡಿದ್ಳು. ಒಂದಿನ ಅಲ್ಲ, ನಾಕು ದಿನಲಿಂದ. ಯಾಕ ಅಂದ್ರ ಬಾಯಿ ಬಿಡವಲ್ಲಳು. ಆಕಿ ಅಣ್ಣಗ ಕೇಳ್ದೆ, ಅಂವ ತಲಿ ತಗ್ಗಿಸಿ ಹೇಳಿದ, ಮಮ್ಮಿ ಸಾಲ್ಯಾಗ ಆಕಿಗಿ ಮೀಸಿ ಮಾಮಾ ಅಂತಾರ ಅಂತ.

ನಾ ಏನು ಮಾಡ್ಬೇಕಿತ್ತು? ಕುಂತು ಆಕಿ ಮಾತು ಕೇಳ್ಬೇಕಿತ್ತು. ಅದು ಬಿಟ್ಟು ಎದ್ದಾಕಿನೇ ಮೆಡಿಕಲ್‌ಗಿ ಹೋದೆ. ಚರ್ಮ ಕಿತ್ತು ಕೆಂಪಾಗ್ಯಾದ್ರಿ, ಸಣ್ಣ ಹುಡುಗಿ, ಏನಾರ ಹಚ್ಚೋದು ಕೊಡ್ರಿ ಅಂದೆ. ಒಂದು ಟ್ಯೂಬ್ ಕೊಟ್ಟ, ಚೀಟಿ ಗೀಟಿ ಏನೂ ಕೇಳ್ಲಿಲ್ಲ, ನೂರು ರೂಪಾಯಿ ಒಳಗೇ ಆಯ್ತು. ಹಚ್ಚಿದ ಎರಡೇ ದಿನದಾಗ ಕೆಂಪು ಹೋಗಿ ಗಾಯ ಮಾಯ್ತು, ಚರ್ಮ ಬೆಳ್ಳಗ ಕಾಣ್ಲಾಕತ್ತು, ನಮ್ಮ ಅತ್ತಿ ಅಂತೂ ಆ ಟ್ಯೂಬಿಗಿ ಕೈ ಮುಗಿಯೋದೊಂದು ಬಾಕಿ. ಇಷ್ಟು ಚಲೋ ಅದ ಅಂತ ಮೂರು ವಾರ ಹಚ್ಚಿದೆವು, ಮುಂಜಾನಿ ಒಮ್ಮೆ ರಾತ್ರಿ ಒಮ್ಮೆ. ಮೂರನೇ ವಾರದ ಹೊತ್ತಿಗಿ ಗಲ್ಲದ ಮ್ಯಾಲ ಸಣ್ಣ ಸಣ್ಣ ಗುಳ್ಳಿ ಎದ್ದವು, ತುಟಿ ಮ್ಯಾಲಿನ ಕೂದಲು ಮೊದಲಿಗಿಂತ ಕಪ್ಪಗ ಕಾಣ್ಲಾಕತ್ತವು. ನನಗ ಹಂಗ ಅನಸ್ತೋ ಖರೇನೇ ಹಂಗಿತ್ತೋ ಅಂತ ದಿನಾ ಬೆಳಕಿಗಿ ಹಿಡ್ದು ಹಿಡ್ದು ನೋಡ್ತಿದ್ದೆ. ನಾ ಅಷ್ಟು ಸಲ ನೋಡಿದ್ದು ಆಕಿಗಿ ಎಷ್ಟು ಚುಚ್ಚಿರ್ಬೇಕು ಅಂತ ಈಗ ಅನಿಸಿದ್ರ ಹೊಟ್ಟಿ ಕಿವುಚಿದಂಗ ಆಗ್ತದ.

ಕಡಿಗಿ ಚರ್ಮದ ಡಾಕ್ಟರ್ ಹತ್ರ ಹೋದೆವು. ಡಾಕ್ಟರ್ ಹೆಂಗಸು, ವಯಸ್ಸಾದವ್ರು, ಮಾತು ಕಮ್ಮಿ. ಏನು ಹಚ್ಚೀರಿ ಅಂತ ಮೊದಲು ಅದನ್ನೇ ಕೇಳಿದ್ರು. ನಾ ಬ್ಯಾಗಲಿಂದ ಟ್ಯೂಬ್ ತೆಗ್ದು ಕೊಟ್ಟೆ. ಅವ್ರು ಅದನ್ನ ನನ್ನ ಕಡಿನೇ ತಿರುಗಿಸಿ ಓದ್ರಿ ಅಂದ್ರು. ಬೆಟಾಮೆಥಾಸೋನ್ ಅಂತ ಇತ್ತು. ಇದು ಸ್ಟಿರಾಯ್ಡ್, ಡಾಕ್ಟರ್ ಚೀಟಿ ಇಲ್ದ ಮಾರ್ಬಾರ್ದು, ಡಬ್ಬಿ ಮ್ಯಾಲ ಆರ್‌ಎಕ್ಸ್ ಅಂತ ಬರದದ ನೋಡ್ರಿ, ಮಾರಿಗಿ ವಾರಗಟ್ಟಲೆ ಹಚ್ಚಿದ್ರ ಚರ್ಮ ತೆಳುವಾಗ್ತದ, ಗುಳ್ಳಿ ಏಳ್ತವ, ಮತ್ತ ಕೂದಲೂ ಬೆಳೀತವ ಅಂದ್ರು. ನಂಗ ಕುರ್ಚಿ ಮ್ಯಾಲ ಕುಂತಲ್ಲೇ ಮೈ ತಣ್ಣಗಾಯ್ತು. ಯಾವ ಕೂದಲ ಸಲಾಕ ಹುಡುಗಿ ಮಾರಿ ಕೆತ್ತಿಕೊಂಡಿದ್ಳೋ ಅದೇ ಕೂದಲ ಬೆಳೆಸೋ ಮಲಾಮು ನಾನೇ ನನ್ನ ಕೈಲಿಂದ ಹಚ್ಚಿದ್ದೆ. ಡಾಕ್ಟರ್ ಬೈಲಿಲ್ಲ. ನೀವೊಬ್ರೇ ಅಲ್ಲ, ವಾರಕ್ಕ ಎಷ್ಟೋ ಮಂದಿ ಹಿಂಗೇ ಬರ್ತಾರ, ಬೆಳ್ಳಗ ಆಗ್ಲಾಕಂತ ಹಚ್ಕೊಂಡವ್ರೇ ಜಾಸ್ತಿ ಅಂದ್ರು. ಬಿಟ್ಟ ಮ್ಯಾಲ ಸ್ವಲ್ಪ ದಿನ ಮತ್ತ ಕೆಂಪಾಗಬಹುದು, ಹೆದರಬ್ಯಾಡ್ರಿ, ಹಳೇ ಟ್ಯೂಬಿಗಿ ಮತ್ತ ಕೈ ಹಾಕಬ್ಯಾಡ್ರಿ, ಅದ್ರಿಂದ ಬಂದ ಕೂದಲು ನಿಧಾನಕ್ಕ ಉದುರ್ತವ, ಆದ್ರ ತಿಂಗಳುಗಳು ಹಿಡೀತದ ಅಂತ ಹೇಳಿ ಬರೀ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಬರದ್ರು. ದಯವಿಟ್ಟು ಯಾರಾದ್ರೂ ಮೆಡಿಕಲ್‌ದಾಗ ಕೇಳಿ ತಂದ ಟ್ಯೂಬ್ ಮಕ್ಕಳ ಮಾರಿಗಿ ಹಚ್ಚಬ್ಯಾಡ್ರಿ. ಗಾಯ ಲಗೂ ಮಾಯ್ತು ಅಂತ ನಾ ನಂಬಿ ಕೆಟ್ಟೆ.

ಆಮ್ಯಾಲ ಅವ್ರು ಸಣ್ಣಾಕಿನ್ನ ಹತ್ರ ಕರ್ದು ಒಂದು ಲೈಟ್ ಇರೋ ಲೆನ್ಸ್ ತೆಗ್ದ್ರು, ಡರ್ಮಟೋಸ್ಕೋಪ್ ಅಂತಾರ ಅದಕ್ಕ, ಟಾರ್ಚಿನಷ್ಟು ಇರ್ತದ, ಚರ್ಮಕ್ಕ ಹಚ್ಚಿ ನೋಡಿದ್ರ ಹತ್ತು ಪಟ್ಟು ದೊಡ್ಡದಾಗಿ ಕಾಣ್ತದ. ಆಕಿ ತುಟಿ ಮ್ಯಾಲ ನೋಡಿದ್ರು, ಕೈ ನೋಡಿದ್ರು, ಬೆನ್ನು ನೋಡಿದ್ರು. ನೀ ನೋಡ್ತಿಯೇನು ಅಂತ ಆಕಿಗಿ ಕೇಳಿದ್ರು. ಹೂಂ ಅಂದ್ಳು. ಅಂಗೈ ಮ್ಯಾಲ ಹಿಡ್ದು ಇಲ್ಲಿ ಕೂದಲು ಹುಡುಕು ಅಂದ್ರು. ಎಷ್ಟು ಹುಡುಕಿದ್ರೂ ಇಲ್ಲ. ಮನಷ್ಯಾನ ಮೈ ಮ್ಯಾಲ ಅಂಗೈ, ಅಂಗಾಲು, ತುಟಿ ಬಿಟ್ರ ಹೆಚ್ಚೂಕಮ್ಮಿ ಎಲ್ಲಾ ಕಡಿ ಕೂದಲು ಇರ್ತವ, ಸುಮಾರು 50 ಲಕ್ಷ ಬೇರು, ಅವೆಲ್ಲ ನಿಮ್ಮವ್ವನ ಹೊಟ್ಯಾಗ ಇದ್ದಾಗೇ ಆಗಿಬಿಟ್ಟಿರ್ತವ, ಹುಟ್ಟಿದ ಮ್ಯಾಲ ಹೊಸದು ಹುಟ್ಟಂಗಿಲ್ಲ ಅಂತ ಆಕಿಗಿ ತಿಳಿಯಂಗ ಹೇಳಿದ್ರು. ಆಮ್ಯಾಲ ನಿಮ್ಮ ಮಮ್ಮಿದು ನೋಡು ಅಂದ್ರು.

ಆಕಿ ಆ ಲೆನ್ಸ್ ನನ್ನ ತುಟಿ ಮ್ಯಾಲ ಹಿಡ್ದಳು. ಅದು ತಣ್ಣಗ ಇತ್ತು, ಆಕಿ ಉಸುರು ನನ್ನ ಗಲ್ಲಕ್ಕ ಬಡೀತಿತ್ತು. ನಾ ಅಪ್ಪರ್ ಲಿಪ್ ಮಾಡಿಸಿ ಹತ್ತು-ಹನ್ನೆರಡು ದಿನ ಆಗಿತ್ತು, ಕರ್ರಗ ಚುಕ್ಕಿ ಚುಕ್ಕಿ ಬಂದಿದ್ವು. ಭಾಳ ಹೊತ್ತು ನೋಡಿ ಲೆನ್ಸ್ ತೆಗದು ಅಂದ್ಳು, ಮಮ್ಮಿ ನಿಂಗೂ ಅವ. ಅಷ್ಟೇ ಅಲ್ಲ, ಅದ್ರ ಹಿಂದೇ ಇನ್ನೊಂದು ಅಂದ್ಳು. ನೀ ತೆಗಿಸ್ಕೋತಿ, ನಂಗ ಮಾತ್ರ ಏನೂ ಇಲ್ಲ ಅಂತಿ.

ಡಾಕ್ಟರ್ ಮುಂದ ನಾ ಏನೂ ಮಾತಾಡ್ಲಿಲ್ಲ. ಖರೇ ಹೇಳ್ಬೇಕಂದ್ರ ಆಕಿ ನನಗ ಮೂರು ಸಲ ಕೇಳಿದ್ಳು. ಒಮ್ಮೆ ಹೆರಳು ಹಾಕ್ವಾಗ ಕನ್ನಡಿ ಮುಂದ, ಮಮ್ಮಿ ಇದೇನು ಅಂತ ಬಟ್ಟು ಇಟ್ಟು ತೋರಿಸಿದ್ಳು, ನಾ ಏನೂ ಇಲ್ಲವ್ವ ಅಂದೆ. ಇನ್ನೊಮ್ಮೆ ಸೂಪರ್ ಮಾರ್ಕೆಟ್ ಕಡಿ ನಮ್ಮ ಪಾರ್ಲರ್‌ದಾಗ, ಆಕಿಗಿ ಮನ್ಯಾಗ ಬಿಟ್ಟು ಬರ್ಲಾಕ ಆಗ್ಲಾರದಕ್ಕ ಜೋಡಿ ಕರ್ಕೊಂಡು ಹೋಗಿದ್ದೆ, ಬಾಜು ಸ್ಟೂಲ್ ಮ್ಯಾಲ ಕುಂತು ನನ್ನ ತುಟಿ ಮ್ಯಾಲ ದಾರ ಓಡೋದು ನೋಡ್ಲಾಕತ್ತಿದ್ಳು, ನಂಗೂ ಮಾಡಿಸ್ತಿಯೇನು ಅಂದ್ಳು, ಏ ನಿಂಗೆಲ್ಲಿ ಅವ ಏನೂ ಇಲ್ಲ ಸುಮ್ನ ಕುಂದರು ಅಂದೆ. ಮೂರನೇದು ರಾತ್ರಿ ಮಲಗ್ವಾಗ. ಅದೂ ಏನೂ ಇಲ್ಲ. ನಾ ಸಮಾಧಾನ ಮಾಡ್ಲಾಕತ್ತೀನಿ ಅಂತ ತಿಳ್ಕೊಂಡಿದ್ದೆ. ಆಕಿಗಿ ಕನ್ನಡ್ಯಾಗ ಕಾಣ್ತದ, ಸಾಲ್ಯಾಗ ಹುಡುಗ್ರಿಗಿ ಕಾಣ್ತದ, ಹೆತ್ತವ್ವಗ ಮಾತ್ರ ಕಾಣವಲ್ದು ಅಂದ್ರ ಆ ಹುಡುಗಿ ಯಾರ ಮುಂದ ಹೇಳ್ಕೋಬೇಕು? ಮೂರನೇ ಸಲ ಆದ ಮ್ಯಾಲ ಕೇಳೋದೇ ಬಿಟ್ಟು ಮಾಸ್ಕ್ ಹಾಕ್ಕೊಂಡಳು.

ಅವತ್ತ ಸಂಜಿ ಅಪ್ಪನ ಕೆರಿ ದಂಡಿಗಿ ಕಟ್ಟಿ ಮ್ಯಾಲ ಇಬ್ರೇ ಕುಂತೆವು. ಹೌದವ್ವ ಅವ, ನಂಗೂ ಅವ, ನಿನ್ನ ವಯಸ್ಸಿನ್ಯಾಗೂ ಇದ್ವು ಅಂತ ಹೇಳ್ದೆ. ನಾ ಹದಿಮೂರು ವರ್ಷದಾಕಿ ಇದ್ದಾಗ ನಮ್ಮ ಕಾಕಾನ ಮದ್ವಿ ಮುಂದ ಅತ್ಯಾ ಒಬ್ಬಾಕಿ ನನ್ನ ಮಾರಿಗಿ ಬ್ಲೀಚ್ ಹಚ್ಚಿದ್ಳು, ಉರಿ ಉರಿ ಅಂದ್ರೂ ತಡಿ ಚಂದ ಕಾಣ್ತಿ ಅಂತ ಹದಿನೈದು ನಿಮಿಷ ಬಿಟ್ಳು, ಮದ್ವಿ ಫೋಟೋದಾಗ ನನ್ನ ತುಟಿ ಮ್ಯಾಲ ಸುಟ್ಟ ಕಲೆ ಅದ, ಆ ಫೋಟೋ ಇವತ್ತಿಗೂ ಅಲಮಾರಿ ತಳದಾಗ ಇಟ್ಟೀನಿ ಅಂತನೂ ಹೇಳ್ದೆ. ಯಾರ ಮುಂದೂ ಹೇಳಿರಲಿಲ್ಲ ಅದು. ಆಕಿ ನಿಂಗ ಅಳು ಬಂತೇನು ಅಂತ ಕೇಳಿದ್ಳು. ಬಂತು ಅಂದೆ. ಆಮ್ಯಾಲ ತಾನೇ ಶುರು ಮಾಡಿ ಎಲ್ಲಾ ಹೇಳಿದ್ಳು, ಯಾವ ಹುಡುಗ ಅಂತಾನ, ಯಾವ ಹುಡುಗಿ ನಗ್ತಾಳ, ಆಟೋದಾಗ ಯಾರು ತನ್ನ ಬಾಜು ಕೂಡಂಗಿಲ್ಲ. ಹೇಳ್ತಾ ಹೇಳ್ತಾ ಆ ಹೆಸರು ಮೊದಲು ಎಲ್ಲಿ ಹುಟ್ತು ಅಂತ ಹೊರಗ ಬಂತು. ಸಾಲ್ಯಾಗ ಅಲ್ಲ. ನಮ್ಮ ಮನ್ಯಾಗೇ.

ನಮ್ಮ ಮಗಗ ಹದಿಮೂರು ನಡದದ, ಅಂವಗ ಈಗ ಮೀಸಿ ಚಿಗುರ್ಲಾಕತ್ತದ. ನಮ್ಮ ಮಾವಗ ಅದು ಭಾಳ ಖುಷಿ, ಮೊಮ್ಮಗನ್ನ ಮುಂದ ಕೂಡಿಸ್ಕೊಂಡು ತುಟಿ ಮ್ಯಾಲ ಬಟ್ಟು ಆಡಿಸಿ ಗಂಡಸಾದಲೇ ಮಗನ ಅಂತ ಬಂದವ್ರಿಗೆಲ್ಲ ತೋರಿಸ್ತಾರ. ಜನವರ್ಯಾಗ ಸಂಕ್ರಾಂತಿಗಿ ಮಂದಿ ಕೂಡಿದಾಗ ಹಂಗೇ ತೋರಿಸ್ವಾಗ ಸಣ್ಣಾಕಿನೂ ಬಾಜು ನಿಂತಿದ್ಳು, ನಗಚಾಟಕ್ಕಂತ ಆಕಿ ಗದ್ದ ಹಿಡ್ದು ಏ ನಿಂಗೂ ಮೀಸಿ ಬಂದದಲ್ಲ ಮೀಸಿ ಮಾಮಾ ಅಂದ್ರು, ಎಲ್ರೂ ನಕ್ರು, ನಾನೂ ನಕ್ಕೆ, ನಂಗ ನೆನಪದ. ಅವತ್ತ ಬಂದಿದ್ದ ಮಕ್ಕಳಾಗ ಒಬ್ಬಾಂವ ಆಕಿ ಸಾಲ್ಯಾಗೇ ಓದ್ತಾನ. ಅಂವ ಹೋಗಿ ಅಲ್ಲಿ ಕರ್ದ, ಮುಗೀತು. ಒಂದೇ ಕೂದಲು, ಒಬ್ಬಾಂವಗ ಹಬ್ಬ, ಇನ್ನೊಬ್ಬಾಕಿಗಿ ನಗಿ.

2024ರ ಏಪ್ರಿಲ್‌ದಾಗ ಉತ್ತರ ಪ್ರದೇಶದ ಹತ್ತನೇ ಕ್ಲಾಸ್ ಪರೀಕ್ಷಾದಾಗ 98.5 ಪರ್ಸೆಂಟ್ ತಗದು ರಾಜ್ಯಕ್ಕೇ ಮೊದಲು ಬಂದ ಹುಡುಗಿ ಫೋಟೋ ಪೇಪರಿನ್ಯಾಗ ಬಂದಾಗ ಆಕಿ ಮಾರಿ ಮ್ಯಾಲಿನ ಕೂದಲ ನೋಡಿ ಇಡೀ ದೇಶದ ಮಂದಿ ಫೋನಿನ್ಯಾಗ ಆಡ್ಕೊಂಡಿದ್ರು, ಒಂದೆರಡು ಮಾರ್ಕ್ಸ್ ಕಮ್ಮಿ ಬಂದಿದ್ರ ಹಿಂಗ ಆಗ್ತಿರಲಿಲ್ಲೇನೋ ಅಂತ ಆ ಹುಡುಗಿ ಹೇಳಿದ್ದು ಓದಿ ನಾ ಆಫೀಸ್‌ದಾಗ ಎಷ್ಟು ಸಿಟ್ಟು ಮಾಡ್ಕೊಂಡು ಮಾತಾಡಿದ್ದೆ. ಆ ಸಿಟ್ಟು ಸಂಕ್ರಾಂತಿ ದಿನ ನನ್ನ ಮನಿ ಪಡಸಾಲ್ಯಾಗ ಎಲ್ಲಿ ಹೋಗಿತ್ತು ಅಂತ ನನಗ ನಾನೇ ಕೇಳ್ಕೋತೀನಿ.

ಮಾವಗ ಹೇಳೋದು ಹ್ಯಾಂಗ ಅಂತ ಎರಡು ದಿನ ಒದ್ದಾಡಿದೆ. ಸೊಸಿ ಆದಾಕಿ ಮಾವಗ ನೀವು ಹಂಗ ಅಂದಿದ್ದು ತಪ್ಪು ಅಂತ ನಮ್ಮ ಕಡಿ ಹೇಳೋದು ಸಣ್ಣ ಮಾತಲ್ಲ. ನಮ್ಮ ಮನಿಯವ್ರು ನಾ ಹೇಳ್ತೀನಿ ಬಿಡು ಅಂದ್ರು, ಕಡಿಗಿ ಇಬ್ರೂ ಕೂಡೇ ಹೇಳಿದೆವು, ಟ್ಯೂಬಿಂದು, ಕಲ್ಲಿಂದು, ಎಲ್ಲಾ. ಮಾವ ಏನೂ ಅನ್ಲಿಲ್ಲ. ರಾತ್ರಿ ಊಟ ಅರ್ಧಕ್ಕ ಬಿಟ್ಟು ಎದ್ರು. ಮರುದಿನ ಮುಂಜಾನಿ ಗುಡಿಗಿ ಹೋಗ್ವಾಗ ಆಕಿನ್ನ ಜೋಡಿ ಕರ್ಕೊಂಡು ಹೋದ್ರು, ಶರಣಬಸವೇಶ್ವರ ಗುಡಿ ನಮ್ಮ ಮನಿಲಿಂದ ನಡ್ಕೊಂಡು ಹೋಗೋ ಅಷ್ಟೇ ದೂರ. ಅಲ್ಲಿ ಏನು ಮಾತಾಡಿದ್ರೋ ನಂಗ ಇವತ್ತಿಗೂ ಗೊತ್ತಿಲ್ಲ, ಕೇಳಿಲ್ಲ. ಬರ್ವಾಗ ಆಕಿ ಮಾಸ್ಕ್ ಮುತ್ಯಾನ ಅಂಗಿ ಕಿಸೇದಾಗ ಇತ್ತು. ಅವತ್ತಿಂದ ಮಗನ ಮೀಸಿ ತೋರಿಸೋದೂ ನಿಂತದ.

ಚರ್ಮದ ಡಾಕ್ಟರ್ ಒಮ್ಮೆ ಮಕ್ಕಳ ಡಾಕ್ಟರ್‌ಗೂ ತೋರಿಸ್ರಿ ಅಂದಿದ್ರು, ಅದಕ್ಕ ಹೋಗಿದ್ದು ಜೂನ್‌ದಾಗ. ಅವ್ರು ಎತ್ತರ, ತೂಕ, ಬಿಪಿ ನೋಡಿ ಚಾರ್ಟ್ ಮ್ಯಾಲ ಚುಕ್ಕಿ ಇಟ್ರು, ಕಂಕಳು ನೋಡಿದ್ರು, ಬೆವರು ದೊಡ್ಡವ್ರಂಗ ವಾಸನಿ ಬರ್ತದೇನು, ಮೊಡವಿ ಅವೇನು, ಒಮ್ಮಿಂದೊಮ್ಮೆ ಉದ್ದ ಆಗ್ಯಾಳೇನು, ದನಿ ಒಡದದೇನು, ಫಿಟ್ಸ್ ಗುಳಿಗಿ ಏನಾರ ಕೊಡ್ತೀರೇನು ಅಂತ ಒಂದೊಂದೇ ಕೇಳಿದ್ರು. ಮನ್ಯಾಗ ಯಾರಾದ್ರೂ ತಲಿ ಕೂದಲು ಬೆಳೀಲಾಕ ಮಿನಾಕ್ಸಿಡಿಲ್ ಹಚ್ಕೋತಾರೇನು ಅಂತನೂ ಕೇಳಿದ್ರು, ಅಪ್ಪ ಅದು ಹಚ್ಕೊಂಡ ಜಾಗಾ ಕೂಸಿನ ಮೈಗಿ ತಾಗಿದ್ರ ಕೂಸಿಗೂ ಕೂದಲು ಬರೋದು ಉಂಟು ಅಂದ್ರು, ನಂಗ ಅದು ಹೊಸ ವಿಷಯ. ನಮ್ಮಲ್ಲಿ ಯಾರೂ ಹಚ್ಕೊಳ್ಳಂಗಿಲ್ಲ. ನಮ್ಮ ಓಣ್ಯಾಗಿನ ಅಕ್ಕ ಒಬ್ರು ಇದು ಪಿಸಿಒಡಿ, ಅಂದ್ರ ಮುಟ್ಟು ಏರುಪೇರಾಗೋ ಹಾರ್ಮೋನ್ ತೊಂದ್ರಿ ಇರ್ಬೇಕು ಅಂತ ತಲಿ ಕೆಡಿಸಿದ್ರು, ಎಲ್ಲಾ ಟೆಸ್ಟ್ ಮಾಡಿಬಿಡ್ರಿ ಅಂತ ನಾನೇ ಕೇಳ್ದೆ. ಮುಟ್ಟೇ ಶುರು ಆಗಿಲ್ಲ, ಈ ವಯಸ್ಸಿಗಿ ಆ ಹೆಸರು ಹಚ್ಚೋದೇ ಇಲ್ಲ ಅಂದ್ರು. ಹುಡುಗ್ಯಾರಿಗಿ ಎಂಟು ವರ್ಷದೊಳಗ ಕಂಕಳದಾಗ, ಕೆಳಗ ಕೂದಲು ಬಂದಿದ್ರ, ಮೊಡವಿ, ಬೆವರ ವಾಸನಿ, ಜೋರಾಗಿ ಎತ್ತರ ಆಗೋದು ಇದ್ದಿದ್ರ ಆಗ ಬ್ಯಾರೇ ಮಾತು, 17 ಹೈಡ್ರಾಕ್ಸಿ ಪ್ರೊಜೆಸ್ಟರಾನ್ ಅಂತ ಒಂದು ಹಾರ್ಮೋನಿನ ರಕ್ತ ಪರೀಕ್ಷಾ ಮತ್ತ ಎಡಗೈ ಎಕ್ಸ್‌ರೇ ತಗಸ್ತೀವಿ, ಎಲುಬಿನ ವಯಸ್ಸು ತಿಳೀಲಾಕ, ನಿಮ್ಮ ಹುಡುಗಿಗಿ ಅವು ಯಾವೂ ಇಲ್ಲ, ಇದು ನಿಮ್ಮ ಮನಿತನದಲಿಂದ ಬಂದದ್ದು, ಆರು ತಿಂಗಳಿಗಿ ಎತ್ತರ ನೋಡ್ಲಾಕ ಕರ್ಕೊಂಡು ಬರ್ರಿ ಸಾಕು ಅಂದ್ರು. ಒಂದು ರೂಪಾಯಿ ಟೆಸ್ಟ್ ಬರೀಲಿಲ್ಲ.

ಸಾಲಿದು ಜರ ಕಷ್ಟ ಆಯ್ತು. ಮೊದಲು ಹೋದಾಗ ಮಕ್ಕಳು ಅಂದ ಮ್ಯಾಲ ಅಂತಾರ, ನೀವು ಇಷ್ಟು ಮನಸಿಗಿ ಹಚ್ಕೋಬಾರ್ದು ಮೇಡಂ ಅಂತ ಹೇಳಿ ಕಳಿಸಿದ್ರು. ನಾ ಬಿಡ್ಲಿಲ್ಲ, ಕ್ಲಾಸ್ ಟೀಚರ್‌ಗಿ ಒಬ್ರನ್ನೇ ಬ್ಯಾರೇ ಭೆಟ್ಟಿ ಆಗಿ ಫೋನಿನ್ಯಾಗ ಆ ಕಲ್ಲಿಲಿಂದ ತಿಕ್ಕಿದ ಗಾಯದ ಫೋಟೋ ತೋರಿಸ್ದೆ. ಅದು ನೋಡಿ ಅವ್ರು ಬಾಯಿ ಮ್ಯಾಲ ಕೈ ಇಟ್ಕೊಂಡ್ರು. ಕ್ಲಾಸ್‌ದಾಗ ಆಕಿನ್ನ ನಿಂದ್ರಿಸಿ ಏನೂ ಹೇಳಬ್ಯಾಡ್ರಿ, ಆಕಿ ಹೆಸರು ತೆಗೀಬ್ಯಾಡ್ರಿ ಅಂತ ಕೈ ಮುಗ್ದು ಕೇಳ್ಕೊಂಡೆ. ಅವ್ರು ಯಾರ ಹೆಸರೂ ತೆಗೀದಂಗ ಎಲ್ಲಾ ಮಕ್ಕಳ ಅಡ್ಡ ಹೆಸರೇ ಬಂದ್ ಮಾಡಿದ್ರು, ಡುಮ್ಮ, ಕರಿಯ, ಕುಳ್ಳಿ, ಎಲ್ಲಾವೂ. ಈಗ ಪೂರ್ತಿ ನಿಂತದ ಅಂತ ಹೇಳಂಗಿಲ್ಲ, ಆಟೋದಾಗ ಆಗಾಗ ನಡೀತದ. ಆದ್ರ ಈಗ ಅವತ್ತಿನ ದಿನವೇ ನನಗ ಬಂದು ಹೇಳ್ತಾಳ.

ಇನ್ನ ತೆಗೀಬೇಕೋ ಬ್ಯಾಡೋ ಅನ್ನೋದು. ಹೈದರಾಬಾದಿನ್ಯಾಗಿರೋ ನಮ್ಮ ನಾದಿನಿ ಲೇಸರ್ ಮಾಡಿಸ್ರಿ ವೈನಿ ಒಮ್ಮೆ ತಲಿನೋವು ಹೋಗ್ತದ ಅಂದ್ಳು. ಡಾಕ್ಟರ್ ಬ್ಯಾಡ ಅಂದ್ರು. ಇನ್ನೂ ವಯಸ್ಸಿಗಿ ಬಂದಿಲ್ಲ, ಹಾರ್ಮೋನ್ ಬಂದ ಮ್ಯಾಲ ಸಣ್ಣ ಕೂದಲೇ ಮತ್ತ ದಪ್ಪ ಆಗ್ತವ, ಈಗ ಹಾಕಿದ ರೊಕ್ಕ ನೀರಾಗ ಹಾಕಿದಂಗ, ಮ್ಯಾಲ ನಮ್ಮ ಬಣ್ಣದ ಚರ್ಮಕ್ಕ ಸುಡೋ ಭಯ ಬ್ಯಾರೇ. ಬ್ಲೀಚಿನ್ಯಾಗ ಅಮೋನಿಯಾ, ಪೆರಾಕ್ಸೈಡ್, ಅದು ಸುಡ್ತದ ಅಂತ ನಂಗ ಯಾರೂ ಹೇಳ್ಬೇಕಾಗಿರಲಿಲ್ಲ. ಕೂದಲು ತೆಗಿಯೋ ಕ್ರೀಮ್ ಮಕ್ಕಳ ಮಾರಿಗಿ ಬ್ಯಾಡ, ವ್ಯಾಕ್ಸ್ ಅಂತೂ ಸ್ಟಿರಾಯ್ಡ್ ಹಚ್ಚಿ ತೆಳು ಆದ ಚರ್ಮನೇ ಕಿತ್ತು ಬರ್ತದ. ನಮ್ಮ ಅತ್ತಿ ಕಡ್ಲಿ ಹಿಟ್ಟು ಅರಿಶಿಣ ಕಲಸಿ ತಿಕ್ಕಿದ್ರ ಉದುರ್ತವ ಅಂದ್ರು, ತಿಕ್ಕೋದು ಅನ್ನೋ ಮಾತೇ ಇನ್ನ ಈ ಮನ್ಯಾಗ ಬ್ಯಾಡ ಅತ್ತಿ ಅಂದೆ, ಅವ್ರೂ ಒತ್ತಾಯ ಮಾಡ್ಲಿಲ್ಲ. ಚರ್ಮ ಪೂರ್ತಿ ಸುಧಾರಿಸೋ ತನಕ ಎರಡು ತಿಂಗಳು ಏನೂ ಮುಟ್ಟಬ್ಯಾಡ್ರಿ, ಆಮ್ಯಾಲ ಆಕಿಗೇ ಬೇಕು ಅನಿಸಿದ್ರ ಮಾತ್ರ, ನೆನಪಿಡ್ರಿ ನಿಮಗ ಬೇಕು ಅನಿಸಿದ್ರ ಅಲ್ಲ, ಗುಂಡ ತುದಿ ಇರೋ ಸಣ್ಣ ಕತ್ರಿಲಿಂದ ಕತ್ತರಿಸ್ರಿ, ಇಲ್ಲಾಂದ್ರ ಬ್ಯಾಟರಿ ಟ್ರಿಮ್ಮರ್, ಅಷ್ಟೇ ಅಂತ ಡಾಕ್ಟರ್ ಹೇಳಿದ್ರು.

ಕತ್ರಿ ಅಂದ ಕೂಡ್ಲೇ ಅತ್ತಿ ಹೌಹಾರಿದ್ರು. ಒಮ್ಮೆ ಕತ್ರಿ ಬಿತ್ತಂದ್ರ ಗಂಡಸ್ರಂಗ ದಪ್ಪ ಬರ್ತವ, ಆಮ್ಯಾಲ ಲಗ್ನ ಹ್ಯಾಂಗ ಅಂತ. ಇದು ನಂಗೂ ಭಯ ಇತ್ತು, ಡಾಕ್ಟರ್‌ಗಿ ಕೇಳಿದ್ದೆ. ಚರ್ಮದ ಹೊರಗ ಬಂದ ಕೂದಲು ಸತ್ತ ಕೂದಲು, ಅದನ್ನ ಕತ್ತರಿಸಿದ್ದು ಒಳಗಿನ ಬೇರಿಗಿ ಗೊತ್ತೇ ಆಗಂಗಿಲ್ಲ, ಕೂದಲಿನ ತುದಿ ಚೂಪು ಇರ್ತದ, ಕತ್ತರಿಸಿದ್ರ ಮೊಂಡ ಆಗ್ತದ, ಅದಕ್ಕ ಕೈಗಿ ಒರಟು ಹತ್ತತದ, ಕಣ್ಣಿಗಿ ದಪ್ಪ ಅನಸ್ತದ, ಅಮೆರಿಕಾದಾಗ 1928ರಾಗೇ ಅಳದು ನೋಡಿ ಹಂಗೇನಿಲ್ಲ ಅಂತ ಹೇಳ್ಯಾರ ಅಂದಿದ್ರು. ಇದೆಲ್ಲಾ ಅತ್ತಿಗಿ ಹೇಳ್ದೆ, ಅವ್ರಿಗಿ ಪಟಾಯಿಸ್ಲಿಲ್ಲ. ಆಗ ಸಣ್ಣಾಕಿ ಬಾಜು ಕುಂತಾಕಿ ಕೇಳಿದ್ಳು, ಆಯಿ, ಮುತ್ಯಾಂದು ಸಣ್ಣವ್ರಿದ್ದಾಗ ಜಾವಳ ತಗಸಿದ್ರೇನು? ಹೌದು ಗಾಣಗಾಪೂರದಾಗ ತಗಸಿದ್ರು ಅಂತ ಆಯಿ ಹೇಳಿದ್ರು. ಮತ್ತ ಮುತ್ಯಾನ ತಲಿ ಮ್ಯಾಲ ಈಗ ಕೂದಲು ಯಾಕಿಲ್ಲ? ಆಯಿ ಭಾಳ ಹೊತ್ತು ಸುಮ್ನಾದ್ರು. ಮತ್ತ ಆ ಮಾತು ಎತ್ತಲಿಲ್ಲ.

ಪಂಚಮಿ ಮುಂದ ಒಂದು ಆಯಿತವಾರ ಆಕಿನೇ ಬಂದು ಇವತ್ತ ಕತ್ತರಿಸು ಅಂದ್ಳು. ಆಕಿ ಕೂಸಿದ್ದಾಗ ಉಗುರು ತೆಗೀಲಾಕ ತಂದಿದ್ದ ಗುಂಡ ತುದಿ ಕತ್ರಿ ಇತ್ತು, ಬಿಸಿ ನೀರಾಗ ತೊಳದು ಒರಸಿ, ಕಿಡಕಿ ಬೆಳಕಿಗಿ ಕೂಡಿಸಿದೆ. ನಾಲಿಗಿ ತುಟಿ ಒಳಗ ಒತ್ತು ಅಂದೆ, ಚರ್ಮ ಬಿಗಿ ಆಗ್ಲಿ ಅಂತ. ಕತ್ರಿ ಚರ್ಮಕ್ಕ ಮಟ್ಟಸ ಇಟ್ಟು ಒಂದೊಂದೇ ಚುಟುಕು, ಮೂಗಿನ ಕಡಿಲಿಂದ ಹೊರಗಿನ ಕಡಿಗಿ. ಆಕಿ ಉಸುರು ಹಿಡ್ಕೊಂಡು ಕುಂತಿದ್ಳು, ನಂಗೂ ಕೈ ನಡಗ್ತಿತ್ತು. ಐದು ನಿಮಿಷ ಆಗಿಲ್ಲ. ಬಿಳೇ ಕರವಸ್ತ್ರ ಮಡ್ಲಾಗ ಹಾಸಿದ್ದೆ, ಅದ್ರ ಮ್ಯಾಲ ಬಿದ್ದ ಕೂದಲು ನೋಡಿ ಇಷ್ಟೇ ಏನು ಮಮ್ಮಿ ಅಂದ್ಳು. ಎಲ್ಲಾ ಕೂಡಿಸಿದ್ರ ಒಂದು ಚಿಟಿಕಿ ಆಗಂಗಿಲ್ಲ. ಪಂಚಮಿಗಿ ಜೋಕಾಲಿ ಮ್ಯಾಲ ನಿಂತು ಫೋಟೋ ಹೊಡಿಸ್ಕೊಂಡಳು, ಹಲ್ಲು ಕಾಣಂಗ.

ಅದಾದ ಮ್ಯಾಲ ಇಲ್ಲಿ ತನಕ ಇನ್ನೂ ಎರಡು ಸಲ ಕತ್ತರಿಸಿದ್ದೆ ಅಷ್ಟೇ. ನಡು ನಡುವ ನಾನೇ ಕೇಳ್ಬೇಕನಸ್ತದ, ತಡ್ಕೋತೀನಿ, ನಾ ಕೇಳಿದ್ರ ಬೆಳದಾವ ನೋಡು ಅಂದಂಗೇ ಆಗ್ತದ. ದಸರಾಕ್ಕ ಸಾಲ್ಯಾಗ ಡ್ಯಾನ್ಸ್ ಇದ್ದಾಗ ಕತ್ರಿ ತಂದು ಕೈಯಾಗ ಕೊಟ್ಳು, ಗ್ರೂಪ್ ಫೋಟೋ ದಿನ ಮರತೇ ಬಿಟ್ಟಿದ್ಳು. ನಾ ಪಾರ್ಲರ್‌ಗಿ ಹೋಗೋದು ಬಿಟ್ಟಿಲ್ಲ, ಬಿಟ್ಟೀನಿ ಅಂತ ಸುಳ್ಳು ಹೇಳಂಗಿಲ್ಲ, ಆದ್ರ ಹೋಗ್ವಾಗ ಅಪ್ಪರ್ ಲಿಪ್ ಮಾಡಿಸ್ಲಾಕ ಹೊಂಟೀನಿ ಅಂತ ಹೇಳೇ ಹೋಗ್ತೀನಿ. ಆರು ತಿಂಗಳಿಗಿ ಮಕ್ಕಳ ಡಾಕ್ಟರ್ ಎತ್ತರ ನೋಡಿದ್ರು, ಮೂರು ಸೆಂಟಿಮೀಟರ್ ಆಗ್ಯಾಳ, ಎಲ್ಲಾ ಸರಿ ಅದ. ಗಲ್ಲದ ಗುಳ್ಳಿ ಹೋಗ್ಯಾವ, ಸ್ಟಿರಾಯ್ಡಿಗಿ ಬೆಳದ ಕೂದಲೂ ಭಾಳಷ್ಟು ಕಮ್ಮಿ ಆಗ್ಯಾವ.

ನಮ್ಮ ಅತ್ತಿ ಎಲಿ ಅಡಕಿ ಸಂಚ್ಯಾಗ ಒಂದು ಚಿಮಟಿಗಿ ಇರ್ತದ. ನಾ ಲಗ್ನ ಆಗಿ ಬಂದಾಗಿಂದ ನೋಡೀನಿ, ಎದಕ್ಕಂತ ಕೇಳಿರಲಿಲ್ಲ, ಮಧ್ಯಾಹ್ನ ಎಲ್ರೂ ಮಲಗಿದಾಗ ಅದನ್ನ ಹಿಡ್ಕೊಂಡು ಹಿತ್ಲದಾಗ ಒಬ್ರೇ ಕೂಡ್ತಿದ್ರು. ಹೋದ ವಾರ ನಾ ಆಫೀಸ್‌ಲಿಂದ ಬಂದಾಗ ಬಾಗಿಲ ಬೆಳಕಿನ್ಯಾಗ ಅತ್ತಿ ಗದ್ದ ಎತ್ತಿ ಕುಂತಿದ್ರು, ಮುಂದ ಸಣ್ಣಾಕಿ ಮೊಣಕಾಲೂರಿ ಕುಂತು ಆ ಚಿಮಟಿಗಿ ಹಿಡ್ದಿದ್ಳು.

ಕಣ್ಣು ಕಾಣವಲ್ವು ನಂಗ, ಗಟ್ಟೀದು ಒಂದೇ ಅದ ನೋಡವ್ವ, ಎಡಕ್ಕ ಅಂದ್ರು ಅತ್ತಿ.

ಒಂದಲ್ಲ ಆಯಿ ಮೂರು ಅವ, ಅಲ್ಲಾಡಬ್ಯಾಡ್ರಿ ಅಂದ್ಳು ಆಕಿ.